ಕಾಯಿಲ್ ಬದಲಿಸಿದರೂ ದಾರಿಯಲ್ಲೇ ಬಂದ್ ಬೀಳುವ ಪದ್ಮಿನಿ

ಪ್ರಶ್ನೆ: ನಾನು ಜಮಖಂಡಿಯವನು. ಮನೆಯಲ್ಲಿ 1994ರ ಪ್ರೀಮಿಯರ್ ಪದ್ಮಿನಿ ಇದೆ. ಪೆಟ್ರೋಲ್ ಗಾಡಿ, ಪಾಯಿಂಟ್ (ಕಾಯಿಲ್ ಕರೆಂಟನ್ನು ಕೂಡಿಸಿ ಬಿಡಿಸುವ ಪುಟ್ಟ ಸ್ವಿಚ್) ಇರುವ ಹಳೇ ಡೆಲ್ಕೋ, ಅಂದರೆ ಪ್ಲಗ್‌ಗಳಿಗೆ ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್. ಬೆಳಿಗ್ಗೆ ಒಂದೇ ಸೆಲ್ಫಿಗೆ ಚಾಲೂ ಆಗುತ್ತದೆ. ಆದರೆ ಮಧ್ಯಾಹ್ನ ವಿಜಯಪುರಕ್ಕೆ ಹೊರಟರೆ, ಕೃಷ್ಣಾ ಹೊಳೆ ದಾಟಿದ ಮೇಲೆ ಎಲ್ಲೋ ಒಂದು ಕಡೆ ಟಕ್ ಅಂತ ಬಂದ್ ಆಗುತ್ತದೆ, ಯಾರೋ ಕೀ ತಿರುಗಿಸಿದ ಹಾಗೆ. ಬಾನೆಟ್ ಎತ್ತಿ ಹತ್ತು ನಿಮಿಷ ಬಿಟ್ಟರೆ ಮತ್ತೆ ಚಾಲೂ. ಪಾಯಿಂಟಿನ ಜೊತೆಗಿರುವ ಕಂಡೆನ್ಸರ್, ಪಾಯಿಂಟ್, ಪ್ಲಗ್, ಸ್ಪಾರ್ಕಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಎಚ್‌ಟಿ ಕಾಯಿಲ್ ಒಂದಾದ ಮೇಲೊಂದು ಬದಲಿಸಿದ್ದಾಯಿತು. ಪ್ರತಿ ಸಲ ಎರಡು ಮೂರು ವಾರ ಚೆನ್ನಾಗಿ ಓಡುತ್ತದೆ, ಆಮೇಲೆ ಅದೇ ಕಥೆ. ಕಾಯಿಲ್‌ನ ಪ್ಲಸ್ ವೈರಿನ ಕ್ಲಿಪ್ಪಿನ ಮೇಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದೆ. ಅದನ್ನು ಅಲ್ಲಾಡಿಸಿದರೆ ಕೆಲವೊಮ್ಮೆ ಗಾಡಿ ಚಾಲೂ ಆಗುವುದೂ ಉಂಟು. ಮೆಕ್ಯಾನಿಕ್ ಟೆಸ್ಟ್ ಲ್ಯಾಂಪ್ ಹಚ್ಚಿ ನೋಡಿ "ಕರೆಂಟ್ ಸರಿ ಬರ್ತಿದೆ" ಎಂದರು. ಇನ್ನೊಬ್ಬರು ಪೂರ್ತಿ ವೈರಿಂಗ್ ಬದಲಿಸಬೇಕು, 15,000 ರೂಪಾಯಿ ಆಗುತ್ತದೆ ಎನ್ನುತ್ತಾರೆ. ಮತ್ತೊಬ್ಬರು ಎಲ್ಲ ಜಾಯಿಂಟ್ ಸೋಲ್ಡರ್ ಮಾಡಿಸಿ ಅಂದರು. ಮೊದಲು ಗ್ಯಾಸ್ ಕಿಟ್ ಇತ್ತು, ಅದನ್ನು ತೆಗೆಸಿದ್ದೇವೆ. ಏನು ಮಾಡಲಿ? ಇದನ್ನು ಮನೆಯಲ್ಲೇ ಸರಿ ಮಾಡಿಕೊಳ್ಳಬಹುದಾ?

ಉತ್ತರ: ನಿಮ್ಮ ಬೇಸರ ಗಾಡಿ ನಿಲ್ಲುವುದಕ್ಕಿಂತ ಜಾಸ್ತಿ, ಇಷ್ಟು ಸಲ ದುಡ್ಡು ಹಾಕಿದರೂ ಗುಣ ನಿಲ್ಲುತ್ತಿಲ್ಲ ಅನ್ನುವುದು, ಅಲ್ವಾ? ಮೇಲೆ ಇನ್ನೊಂದು 15,000 ಹಾಕಿ ಅದೂ ಕೈಕೊಟ್ಟರೆ ಅನ್ನೋ ಭಯ. ನೀವು ಬರೆದಿರುವ ಲಕ್ಷಣ ನೋಡಿದರೆ ಪೂರ್ತಿ ವೈರಿಂಗ್ ಕೀಳಿಸುವ ಕಾರಣ ನನಗೆ ಕಾಣುತ್ತಿಲ್ಲ. ಆ ಕಂದು ಬಣ್ಣದ ಕ್ಲಿಪ್ಪೇ ಮೊದಲ ಅನುಮಾನ. ಆದರೆ ಅದನ್ನೂ ಸುಮ್ನೆ ಬದಲಿಸಿ ಕೂರಬೇಡಿ. ಅಳೆದು ನೋಡಿ ಬದಲಿಸಿ.

ಪ್ರತಿ ಸಲ ಎರಡು ಮೂರು ವಾರ ಯಾಕೆ ಚೆನ್ನಾಗಿ ಓಡಿತು ಅಂತ ಯೋಚಿಸಿದ್ದೀರಾ? ಕಂಡೆನ್ಸರ್ ಹಾಕುವಾಗ ಆ ವೈರುಗಳನ್ನು ಬಿಚ್ಚಿದರು, ಮತ್ತೆ ಸಿಕ್ಕಿಸಿದರು. ಕಾಯಿಲ್ ಹಾಕುವಾಗಲೂ ಅಷ್ಟೇ. ಹಳೇ ಕ್ಲಿಪ್ಪನ್ನು ಒಂದು ಸಲ ಎಳೆದು ಮತ್ತೆ ಒತ್ತಿದರೆ ಒಳಗಿನ ಕೊಳೆ ಒಂದಿಷ್ಟು ಉಜ್ಜಿ ಹೋಗುತ್ತದೆ, ಲೋಹಕ್ಕೆ ಲೋಹ ತಾಗುತ್ತದೆ, ಗಾಡಿ ಕೆಲವು ವಾರ ಹೊಸದರಂತೆ ಓಡುತ್ತದೆ. ಹೆಸರು ಮಾತ್ರ ಹೊಸ ಕಾಯಿಲ್‌ಗೆ. ನನ್ನ ಅನುಭವದಲ್ಲಿ ಹಳೇ ಗಾಡಿಗಳ ಇಗ್ನಿಷನ್ ಕೆಲಸದಲ್ಲಿ ದುಡ್ಡು ಹಾಳಾಗುವುದು ಹೆಚ್ಚಾಗಿ ಹೀಗೇ. ಬೆಳಗಾವಿಯ ನಮ್ಮ ಅಂಗಡಿಗೆ ಹಳೇ ಫಿಯಟ್, ಅಂಬಾಸಡರ್ ತರುವವರು ಡಿಕ್ಕಿಯಲ್ಲಿ ಎರಡು ಮೂರು ಹಳೇ ಕಾಯಿಲ್ ಇಟ್ಟುಕೊಂಡೇ ಬರುತ್ತಾರೆ. ಮೀಟರ್ ಹಿಡಿದರೆ ಅವುಗಳಲ್ಲಿ ಹೆಚ್ಚಿನವು ಸರಿಯಾಗೇ ಇರುತ್ತವೆ. ನಿಮ್ಮ ಹಳೇ ಕಾಯಿಲನ್ನೂ ಗುಜರಿಗೆ ಹಾಕಬೇಡಿ, ತೆಗೆದಿಡಿ.

ಕ್ಲಿಪ್ಪಿನ ಒಳಗೆ ಆಗುವುದು ಇಷ್ಟು. ಅದು ಹಿತ್ತಾಳೆಯದು, ಸಾಮಾನ್ಯವಾಗಿ ಮೇಲೆ ತೆಳುವಾಗಿ ತವರದ ಲೇಪ ಇರುತ್ತದೆ. ಎಂಜಿನ್ ನಡುಗುತ್ತಿದ್ದರೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಎರಡು ಲೋಹ ಒಂದಕ್ಕೊಂದು ಉಜ್ಜುತ್ತಿರುತ್ತವೆ. ಹಾಗೆ ಉಜ್ಜಿ ಬಂದ ಪುಡಿ ಗಾಳಿ ತಾಗಿ ಆಕ್ಸೈಡ್ ಆಗುತ್ತದೆ. ಅದು ಕರೆಂಟನ್ನು ಸರಿಯಾಗಿ ಬಿಡುವುದಿಲ್ಲ, ಅಲ್ಲಿ ಬಿಸಿ ಹುಟ್ಟುತ್ತದೆ. ಬಿಸಿಗೆ ಕ್ಲಿಪ್ಪಿನ ಸ್ಪ್ರಿಂಗ್ ಸೆಳೆತ ಕಡಿಮೆಯಾಗುತ್ತದೆ, ಹಿಡಿತ ಸಡಿಲಾದರೆ ಇನ್ನೂ ಜಾಸ್ತಿ ಉಜ್ಜುತ್ತದೆ, ಇನ್ನೂ ಜಾಸ್ತಿ ಬಿಸಿ. ಪ್ಲಾಸ್ಟಿಕ್ ಕಂದಾಗಿದೆ ಅಂದರೆ ಈ ಸುತ್ತು ಶುರುವಾಗಿ ಬಹಳ ದಿನ ಆಗಿದೆ.

ಎಷ್ಟು ನಷ್ಟ ಅಂತ ಲೆಕ್ಕ ಹಾಕೋಣ, ಸುಲಭವೇ ಇದೆ. ಇಂಥ ಗಾಡಿಯ ಕಾಯಿಲ್‌ನ ಪ್ರೈಮರಿ (ಬ್ಯಾಟರಿ ಕರೆಂಟ್ ಹರಿಯುವ ಸುತ್ತು) ಸುಮಾರು 3 ಓಮ್. 12 ವೋಲ್ಟಿಗೆ 4 ಆಂಪಿಯರ್ ಹರಿಯಬೇಕು. ಕ್ಲಿಪ್ಪಿನಲ್ಲಿ ಬರೀ 1 ಓಮ್ ಅಡ್ಡಿ ಸೇರಿತು ಅಂದುಕೊಳ್ಳಿ. ಒಟ್ಟು 4 ಓಮ್, ಕರೆಂಟ್ 3 ಆಂಪಿಯರಿಗೆ ಇಳಿಯಿತು. ಇದು ಕಾಲು ಭಾಗದ ನಷ್ಟ ಅಂತ ಕಾಣುತ್ತದೆ. ಆದರೆ ಕಾಯಿಲ್‌ನಲ್ಲಿ ಕೂಡುವ ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇರುತ್ತದೆ, ಹಾಗಾಗಿ ಸ್ಪಾರ್ಕಿಗೆ ಉಳಿಯುವುದು ಹತ್ತಿರ ಹತ್ತಿರ 56 ಪ್ರತಿಶತ ಮಾತ್ರ. ಜೊತೆಗೆ ಪಾಯಿಂಟ್ ಕೂಡಿರುವಷ್ಟು ಹೊತ್ತು ಆ ಪುಟ್ಟ ಕ್ಲಿಪ್ಪಿನಲ್ಲೇ 9 ವಾಟ್ ಬಿಸಿ. ಹೊರಗೆ 40 ಡಿಗ್ರಿ ಬಿಸಿಲು, ಬಾನೆಟ್ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಬೆಳಿಗ್ಗೆ ತಂಪಿನಲ್ಲಿ ಚಾಲೂ ಆಗಿ ಮಧ್ಯಾಹ್ನ ಮುನಿಸಿಕೊಳ್ಳುವ ಗಾಡಿಯ ಗುಟ್ಟು ಬಹಳ ಸಲ ಇಲ್ಲಿರುತ್ತದೆ.

ಈಗ ಆ ಟೆಸ್ಟ್ ಲ್ಯಾಂಪ್ ವಿಚಾರ. ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳಿಲ್ಲ, ಲ್ಯಾಂಪ್ ಉರಿದಿದ್ದು ನಿಜ. ಆದರೆ 5 ವಾಟಿನ ಬಲ್ಬ್ ಎಳೆಯುವುದು ಅರ್ಧ ಆಂಪಿಯರಿಗಿಂತ ಕಡಿಮೆ. ಅಷ್ಟು ಸಣ್ಣ ಕರೆಂಟಿಗೆ 1 ಓಮ್ ಅಡ್ಡಿಯಲ್ಲಿ ಕಳೆದುಹೋಗುವುದು 0.4 ವೋಲ್ಟ್. ಬಲ್ಬ್ ಕಣ್ಣಿಗೆ ಮೊದಲಿನಷ್ಟೇ ಪ್ರಕಾಶ. ಅದೇ ಕ್ಲಿಪ್ಪಿನಲ್ಲಿ ಕಾಯಿಲ್ ತನ್ನ 3 ಆಂಪಿಯರ್ ಎಳೆದಾಗ ಕಳೆಯುವುದು 3 ವೋಲ್ಟ್! ಡಿಜಿಟಲ್ ಮೀಟರ್ ಅಂತೂ ಏನನ್ನೂ ಎಳೆಯುವುದಿಲ್ಲ. ವೈರ್ ಬಿಚ್ಚಿ ಸುಮ್ನೆ ಮೀಟರ್ ಹಿಡಿದರೆ ಹಾಳಾದ ಜಾಯಿಂಟಿನಲ್ಲೂ ಪೂರ್ತಿ 12 ತೋರಿಸುತ್ತದೆ. ಕರೆಂಟ್ ಹರಿಯುವಾಗ ಅಳೆದರೆ ಮಾತ್ರ ಸತ್ಯ ಹೊರಬರುತ್ತದೆ.

ಅಳೆಯುವ ಮೊದಲು ಒಂದು ಮಾತು. ಗಾಡಿ ಬಿಸಿಯಾಗಿ ನಿಂತರೆ ಎಲ್ಲದಕ್ಕೂ ಇಗ್ನಿಷನ್ನೇ ಕಾರಣವಲ್ಲ. ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಪಂಪ್ ಎಳೆಯದೆ ಹೋಗುವುದೂ ಬೇಸಿಗೆಯಲ್ಲಿ ಮಾಮೂಲು. ಆದರೆ ಆಗ ಗಾಡಿ ಮೊದಲು ಎಳೆತ ಕಳೆದುಕೊಳ್ಳುತ್ತದೆ, ಮುಕ್ಕರಿಸುತ್ತದೆ, ಆಮೇಲೆ ಸಾಯುತ್ತದೆ. ನಿಮ್ಮದು ಹಾಗಲ್ಲ, ಟಕ್ ಅಂತ ನಿಲ್ಲುತ್ತದೆ. ಈಗೀಗ ಎಲ್ಲದಕ್ಕೂ ಇ20 ಪೆಟ್ರೋಲನ್ನು, ಅಂದರೆ 20 ಪ್ರತಿಶತ ಇಥೆನಾಲ್ ಬೆರೆತದ್ದನ್ನು, ಬೈಯುವುದು ರೂಢಿಯಾಗಿದೆ. (ಸುತ್ತ ಸಕ್ಕರೆ ಕಾರ್ಖಾನೆಗಳೇ ತುಂಬಿರುವ ಜಮಖಂಡಿ, ಮುಧೋಳದವರಿಗೆ ಇಥೆನಾಲ್ ಬಗ್ಗೆ ನಾನು ಹೇಳುವುದೇನಿದೆ!) ಹಳೇ ಗಾಡಿಯ ರಬ್ಬರ್ ಪೈಪು, ಕಾರ್ಬ್ಯುರೇಟರಿನ ವಾಷರ್ ಇವುಗಳಿಗೆ ಅದು ಒಗ್ಗದೆ ಇರಬಹುದು, ಅವನ್ನು ನೋಡಿಕೊಳ್ಳಿ. ಕ್ಲಿಪ್ ಅಲ್ಲಾಡಿಸಿದಾಗ ಗಾಡಿ ಚಾಲೂ ಆಗುವುದಕ್ಕೂ ಪೆಟ್ರೋಲಿಗೂ ಸಂಬಂಧ ಇಲ್ಲ.

ಮುಂದಿನ ಸಲ ದಾರಿಯಲ್ಲಿ ನಿಂತಾಗ ಇಳಿದು ಬಾನೆಟ್ ಎತ್ತುವ ಮೊದಲು ಒಂದು ಕೆಲಸ ಮಾಡಿ. ಗಾಡಿಯನ್ನು ರಸ್ತೆ ಬದಿಗೆ ತಂದು, ಕೀ ಆನ್‌ನಲ್ಲೇ ಇಟ್ಟು, ಡ್ಯಾಶ್‌ಬೋರ್ಡಿನಲ್ಲಿ ಚಾರ್ಜಿಂಗಿನ ಕೆಂಪು ಲೈಟ್ ನೋಡಿ. ಎಂಜಿನ್ ಬಂದ್ ಇದ್ದು ಕೀ ಆನ್ ಇದ್ದರೆ ಅದು ಉರಿಯಲೇಬೇಕು. ಉರಿಯುತ್ತಿದ್ದರೆ ಕೀ ಸ್ವಿಚ್‌ವರೆಗೆ ಕರೆಂಟ್ ಬರುತ್ತಿದೆ, ತೊಂದರೆ ಅಲ್ಲಿಂದ ಮುಂದೆ ಕಾಯಿಲ್ ಕಡೆ ಇರುವ ಸಾಧ್ಯತೆ ಜಾಸ್ತಿ. ಅದೂ ಆರಿದ್ದರೆ ಅಥವಾ ಮಂಕಾಗಿದ್ದರೆ ಕೀ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್, ಅದರ ಹಿಂದಿನ ಕ್ಲಿಪ್, ಬ್ಯಾಟರಿಯಿಂದ ಬರುವ ದಪ್ಪ ವೈರಿನ ಜಾಯಿಂಟ್ ಇವುಗಳ ಮೇಲೆ ಅನುಮಾನ. ಪುಕ್ಕಟೆ ಪರೀಕ್ಷೆ ಇದು, ಹುಡುಕುವ ಜಾಗ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಮನೆಗೆ ಬಂದ ಮೇಲೆ ಅಳತೆ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಕೀ ಆಫ್ ಮಾಡಿ ಡೆಲ್ಕೋ ಕ್ಯಾಪ್ ತೆಗೆದು ಪಾಯಿಂಟ್ ಕೂಡಿದೆಯಾ ನೋಡಿ. ಕೂಡಿರದಿದ್ದರೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಸ್ವಲ್ಪ ಮುಂದೆ ತಳ್ಳಿ, ಕೂಡಿದಾಗ ನಿಲ್ಲಿಸಿ ನ್ಯೂಟ್ರಲ್ ಮಾಡಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಡಿ. ಒಂದು ತುದಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಕಾಯಿಲ್‌ನ ಪ್ಲಸ್ ಟರ್ಮಿನಲ್ಲಿಗೆ. ಕ್ಲಿಪ್ಪಿನ ಮೇಲೆ ಅಲ್ಲ, ಟರ್ಮಿನಲ್ಲಿನ ಲೋಹದ ಮೇಲೆ ತಾಗಿಸಬೇಕು, ಇಲ್ಲದಿದ್ದರೆ ಕ್ಲಿಪ್ಪಿನ ನಷ್ಟ ಲೆಕ್ಕಕ್ಕೇ ಬರುವುದಿಲ್ಲ. ಈಗ ಕೀ ಆನ್ ಮಾಡಿ. ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. 0.2 ಒಳಗಿದ್ದರೆ ಬಹಳ ಚೆನ್ನ. 0.5 ದಾಟಿದರೆ ಎಲ್ಲೋ ಅಡ್ಡಿ ಇದೆ. 1 ವೋಲ್ಟ್ ಬಂತು ಅಂದರೆ ಕಳ್ಳ ಸಿಕ್ಕಿದ ಹಾಗೇ, ಯಾವ ಮನೆಯಲ್ಲಿ ಅಡಗಿದ್ದಾನೆ ಅಂತ ಹುಡುಕುವುದಷ್ಟೇ ಬಾಕಿ. ಕಾಯಿಲ್ ಕಡೆಯ ತುದಿಯನ್ನು ಹಿಂದೆ ಹಿಂದೆ ತನ್ನಿ: ಕ್ಲಿಪ್ಪಿನ ಹಿಂಬದಿ, ಫ್ಯೂಸ್ ಬಾಕ್ಸ್ ದಾರಿಯಲ್ಲಿದ್ದರೆ ಅದರ ಎರಡೂ ಕಡೆ, ಕೀ ಸ್ವಿಚ್ಚಿನಿಂದ ಹೊರಬರುವ ವೈರ್, ಒಳಹೋಗುವ ವೈರ್. ಯಾವ ಎರಡು ಜಾಗದ ನಡುವೆ ಮೀಟರ್ ಜಿಗಿಯಿತೋ ಅಲ್ಲೇ ತೊಂದರೆ.

ಕೀ ಆನ್ ಇಟ್ಟು ಪಾಯಿಂಟ್ ಕೂಡಿದ್ದಾಗ ಒಂದೆರಡು ನಿಮಿಷಕ್ಕಿಂತ ಜಾಸ್ತಿ ಬಿಡಬೇಡಿ, ಕಾಯಿಲ್ ಕಾಯುತ್ತದೆ, ಪಾಯಿಂಟ್ ಸುಡುತ್ತದೆ. ಅಳೆದು ಆಫ್ ಮಾಡಿ, ಜಾಗ ಬದಲಿಸಿ, ಮತ್ತೆ ಆನ್.

ಮೈನಸ್ ಕಡೆಯನ್ನೂ ಮರೆಯಬೇಡಿ, ಅದನ್ನು ಯಾರೂ ನೋಡುವುದಿಲ್ಲ. ಕಾಯಿಲ್‌ನ ಮೈನಸ್ ಮತ್ತು ಬ್ಯಾಟರಿಯ ಮೈನಸ್ ನಡುವೆ ಇದೇ ರೀತಿ ಅಳೆಯಿರಿ. ಅಲ್ಲಿ ಅರ್ಧ ವೋಲ್ಟ್ ಬಂದರೆ ಪಾಯಿಂಟಿನ ಮುಖ, ಡೆಲ್ಕೋ ಒಳಗಿನ ಮೆತ್ತನೆಯ ಸಣ್ಣ ವೈರ್, ಅಥವಾ ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ ನೋಡಬೇಕು. ಆ ಸಣ್ಣ ವೈರ್ ಮೇಲ್ನೋಟಕ್ಕೆ ಗಟ್ಟಿಯಾಗಿದ್ದು ಒಳಗೆ ಎಳೆಗಳೆಲ್ಲ ತುಂಡಾಗಿರುವುದು ಉಂಟು. ಅರ್ಥ್ ಪಟ್ಟಿ ತೀರಾ ಹಾಳಾಗಿದ್ದರೆ ಸೆಲ್ಫ್ ಹೊಡೆದಾಗ ಕರೆಂಟ್ ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಮೂಲಕ ವಾಪಸ್ ಹೋಗಿ ಅವು ಬಿಸಿಯಾಗುತ್ತವೆ. ಕೇಬಲ್ ಯಾಕೆ ಪದೇ ಪದೇ ಹಿಡಿದುಕೊಳ್ಳುತ್ತದೆ ಅಂತ ತಲೆ ಕೆಡಿಸಿಕೊಂಡವರು ಇದನ್ನೊಮ್ಮೆ ನೋಡಿ.

ತಂಪಾಗಿದ್ದಾಗ ಅಳತೆ ಸರಿ ಬಂದರೆ ಮೋಸ ಹೋಗಬೇಡಿ. ಹೇರ್ ಡ್ರೈಯರಿನಿಂದ ಅನುಮಾನ ಇರುವ ಕ್ಲಿಪ್ಪಿಗೆ ಸ್ವಲ್ಪ ಹೊತ್ತು ಬಿಸಿ ಗಾಳಿ ಬಿಟ್ಟು ಮತ್ತೆ ಅಳೆಯಿರಿ, ಅಳೆಯುವಾಗ ವೈರನ್ನು ಮೆಲ್ಲಗೆ ಅಲ್ಲಾಡಿಸಿ. ಬೆಂಕಿಕಡ್ಡಿ, ಲೈಟರ್ ಹತ್ತಿರವೂ ತರಬೇಡಿ, ಪಕ್ಕದಲ್ಲೇ ಪೆಟ್ರೋಲ್ ಇದೆ.

ಗ್ಯಾಸ್ ಕಿಟ್ ಇತ್ತು ಅಂದಿರಲ್ಲ, ಅದು ನನಗೆ ಮುಖ್ಯ ಅನ್ನಿಸಿತು. ಕಿಟ್ ಹಾಕುವಾಗ ಗ್ಯಾಸ್ ಸ್ವಿಚ್ಚಿಗೆ ಕರೆಂಟ್ ಬೇಕು ಅಂತ ಇಗ್ನಿಷನ್ ವೈರಿನಿಂದಲೇ ಕದಿಯುತ್ತಾರೆ. ವೈರಿನ ಸಿಪ್ಪೆ ಸುಲಿದು ಇನ್ನೊಂದನ್ನು ಸುತ್ತಿ ಟೇಪ್ ಹಾಕುತ್ತಾರೆ. ಕಿಟ್ ತೆಗೆಯುವವರು ಆ ವೈರನ್ನು ಕತ್ತರಿಸಿ ಮತ್ತೆ ಟೇಪ್ ಸುತ್ತಿ ಬಿಟ್ಟಿರುತ್ತಾರೆ. ಬಿಸಿಲಿಗೆ ಟೇಪಿನ ಅಂಟು ಕರಗಿ ಅದು ಬಿಚ್ಚಿಕೊಂಡಿರುತ್ತದೆ. ಕಳ್ಳತನದ ಅಲಾರಂ ಹಾಕಿಸಿದ್ದರೂ ಇದೇ ಗೋಳು. ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟು ನೋಡಿ, ಬೇರೆ ಬಣ್ಣದ ವೈರ್, ಟೇಪಿನ ಉಂಡೆ ಕಂಡರೆ ಮೊದಲು ಅಲ್ಲಿಗೆ ಹೋಗಿ. ಮನೆಯ ಮುಂದೆ ಜೋಳದ ಚೀಲ ಇಡುವ ಕಡೆ ಗಾಡಿ ನಿಲ್ಲಿಸುತ್ತಿದ್ದರೆ ಇಲಿ ಕಡಿದ ಗುರುತೂ ಇರಬಹುದು.

ನಮ್ಮ ಕಡೆಗೂ ನಿಮ್ಮ ಕಡೆಗೂ ಹಾಳಾಗುವ ರೀತಿಯೇ ಬೇರೆ. ಖಾನಾಪುರ ಕಡೆಯಿಂದ ಬರುವ ಗಾಡಿಗಳಲ್ಲಿ ಮಳೆಯ ತೇವಕ್ಕೆ ತಾಮ್ರ ಹಸಿರಾಗಿರುತ್ತದೆ, ಕೆಲವೊಮ್ಮೆ ಸಿಪ್ಪೆಯ ಒಳಗೂ ದೂರದವರೆಗೆ ಕಪ್ಪಾಗಿರುತ್ತದೆ. ಬಾಗಲಕೋಟೆ, ವಿಜಯಪುರ ಕಡೆಯವು ಒಣಗಾಡಿಗಳು. ತಾಮ್ರ ಚೆನ್ನಾಗಿರುತ್ತದೆ, ಸಿಪ್ಪೆ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ, ಕ್ಲಿಪ್ ಸಡಿಲಾಗಿರುತ್ತದೆ. ನಿಮ್ಮ ವೈರ್ ಬಹುಶಃ ಉಳಿಸಿಕೊಳ್ಳುವಂಥದ್ದೇ ಅನ್ನಲು ಇದೂ ಒಂದು ಕಾರಣ.

ಸರಿ, ರಿಪೇರಿ. ಅತಿ ಅಗ್ಗದ ದಾರಿ ಅಂದರೆ ಕ್ಲಿಪ್ ಎಳೆದು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪಕ್ಕಡದಿಂದ ಸ್ವಲ್ಪ ಅಮುಕಿ ಬಿಗಿ ಮಾಡಿ ಮತ್ತೆ ಸಿಕ್ಕಿಸುವುದು. ದಾರಿಯಲ್ಲಿ ನಿಂತಾಗ ಮನೆ ಸೇರಲು ಇದು ಸಾಕು. ಕಾಯಂ ಪರಿಹಾರ ಅಲ್ಲ, ಸ್ಪ್ರಿಂಗ್ ಸತ್ತ ಹಿತ್ತಾಳೆ ಮತ್ತೆ ಜೀವ ಹಿಡಿಯುವುದಿಲ್ಲ. ಡಬ್ಲ್ಯುಡಿ-40 ಹೊಡೆದರೆ ತೇವ ಹೋಗುತ್ತದೆ ಅಷ್ಟೇ, ಮೇಲೆ ಎಣ್ಣೆಯ ಪದರ ಉಳಿದು ಧೂಳು ಹಿಡಿಯುತ್ತದೆ. ಎಮರಿ ಪೇಪರ್ ಹಾಕಿ ಉಜ್ಜಿದರೆ ಫಳಫಳ ಹೊಳೆಯುತ್ತದೆ, ಜೊತೆಗೆ ತವರದ ಲೇಪವೂ ಹೋಗುತ್ತದೆ, ಬರಿಯ ಹಿತ್ತಾಳೆ ಇನ್ನೂ ಬೇಗ ಮಂಕಾಗುತ್ತದೆ.

ಸರಿಯಾದ ಕೆಲಸ ಕ್ಲಿಪ್ ಬದಲಿಸುವುದು. ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಇಂಥ ಗಾಡಿಗಳಲ್ಲಿ ಇಗ್ನಿಷನ್ ದಾರಿಗೆ ಫ್ಯೂಸ್ ಇಲ್ಲದೆ ಇರಬಹುದು, ವೈರ್ ಬಾಡಿಗೆ ತಾಗಿದರೆ ನೇರ ಹೊಗೆ. ಹಳೇ ಕ್ಲಿಪ್ ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ವೈರ್ ಹಿಂದಕ್ಕೆ ಸುಲಿಯಿರಿ. ಸ್ಪೇಡ್ ಟರ್ಮಿನಲ್ (ಚಪ್ಪಟೆ ನಾಲಿಗೆಯಂಥದ್ದು) ಆದರೆ ಸಾಮಾನ್ಯವಾಗಿ 6.3 ಮಿಲಿಮೀಟರ್ ಅಗಲದ್ದು, ಅಂಗಡಿಯಲ್ಲಿ ಹಳೇದನ್ನು ತೋರಿಸಿಯೇ ತವರ ಲೇಪದ್ದನ್ನು ತೆಗೆದುಕೊಳ್ಳಿ. ಕ್ರಿಂಪಿಂಗ್ ಪಕ್ಕಡದಿಂದಲೇ ಒತ್ತಬೇಕು. ಮಾಮೂಲಿ ಪಕ್ಕಡದಲ್ಲಿ ಚಪ್ಪಟೆ ಮಾಡಿದ್ದು ಕ್ರಿಂಪ್ ಅಲ್ಲ. ಕ್ಲಿಪ್ಪಿನ ಮುಂದಿನ ಕಿವಿಗಳು ತಾಮ್ರವನ್ನು, ಹಿಂದಿನ ಕಿವಿಗಳು ಸಿಪ್ಪೆಯನ್ನು ಹಿಡಿಯಬೇಕು. ಆಮೇಲೆ ಎಳೆದು ನೋಡಿ. ಕೈಗೆ ಬಂತೋ, ಈಗಲೇ ಬಂದಿದ್ದು ಒಳ್ಳೆಯದಾಯಿತು. ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಅಥವಾ ಪ್ಲಾಸ್ಟಿಕ್ ಟೋಪಿ. ಅದು ಕೂರುವ ಕಾಯಿಲ್ ಟರ್ಮಿನಲ್ಲನ್ನೂ ನೋಡಿ. ಕಪ್ಪಾಗಿದ್ದರೆ ಸ್ವಚ್ಛ ಮಾಡಿ, ಸುಟ್ಟು ಗುಳಿ ಬಿದ್ದಿದ್ದರೆ ಹೊಸ ಕ್ಲಿಪ್ಪನ್ನೂ ಅದು ಹಾಳು ಮಾಡುತ್ತದೆ.

ಸೋಲ್ಡರ್ ಮಾಡಿಸಿ ಅಂದವರ ಮಾತು ಅರ್ಧ ಸರಿ. ಸೋಲ್ಡರ್ ಜಾಯಿಂಟ್ ಕರೆಂಟನ್ನು ಚೆನ್ನಾಗೇ ಬಿಡುತ್ತದೆ. ಆದರೆ ಸೀಸ ಎಳೆಗಳ ಒಳಗೆ ಹರಿದು ಒಂದಿಷ್ಟು ದೂರ ವೈರನ್ನು ಕಡ್ಡಿಯಂತೆ ಗಟ್ಟಿ ಮಾಡುತ್ತದೆ, ಎಂಜಿನ್ ನಡುಗಿದಾಗ ಗಟ್ಟಿ ಭಾಗ ಮುಗಿಯುವ ಕಡೆಯೇ ಎಳೆ ತುಂಡಾಗುತ್ತದೆ. ಡ್ಯಾಶ್‌ಬೋರ್ಡ್ ಕೆಳಗೆ, ಅಲುಗಾಡದ ಕಡೆ, ಆ ಗ್ಯಾಸ್ ಕಿಟ್ಟಿನ ಜಾಯಿಂಟಿಗೆ ಬೇಕಾದರೆ ಸೋಲ್ಡರ್ ಹಾಕಿಸಿ, ತಕರಾರಿಲ್ಲ. ಎಂಜಿನ್ ಮೇಲೆ ಬೇಡ.

ಗ್ರೀಸ್ ಬಗ್ಗೆಯೂ ಜನ ಕೇಳುತ್ತಾರೆ. ಸಿಲಿಕಾನ್ ಡೈಎಲೆಕ್ಟ್ರಿಕ್ ಗ್ರೀಸ್ ಕರೆಂಟ್ ಹರಿಸುವ ವಸ್ತು ಅಲ್ಲ, ತೇವ ತಡೆಯುವುದು ಅದರ ಕೆಲಸ. ಕ್ಲಿಪ್ ಬಿಗಿಯಾಗಿದ್ದರೆ ತೆಳ್ಳಗೆ ಸವರಬಹುದು. ಸಡಿಲ ಕ್ಲಿಪ್ಪಿಗೆ ಮೆತ್ತಿದರೆ ಇನ್ನೂ ಕೆಡುತ್ತದೆ. ಬೇರಿಂಗಿಗೆ ಹಾಕುವ ಗ್ರೀಸ್ ಇಲ್ಲಿ ಬೇಡವೇ ಬೇಡ.

ಕೀ ಸ್ವಿಚ್ ಒಳಗೇ ನಷ್ಟ ಕಂಡರೆ ಸ್ವಿಚ್ ಬದಲಿಸಬಹುದು, ಆದರೆ ಪದ್ಮಿನಿಗೆ ಒಳ್ಳೆಯದು ಸಿಗುವುದು ಕಷ್ಟ. ಆಗ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಕೂಡಿಸುವ ಸ್ವಿಚ್, ಹಾಕುವ ದಾರಿ ಇದೆ. 12 ವೋಲ್ಟಿನ ನಾಲ್ಕು ಪಿನ್ ರಿಲೇ. 30 ನಂಬರಿನ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ಹೊಸ ವೈರ್, 87ರಿಂದ ಕಾಯಿಲ್ ಪ್ಲಸ್, 86ಕ್ಕೆ ಕೀಯಿಂದ ಬರುವ ಹಳೇ ವೈರ್, 85 ಅರ್ಥ್. 10 ಆಂಪಿಯರ್ ಫ್ಯೂಸ್, 1.5 ಚದರ ಮಿಲಿಮೀಟರ್ ಆಟೋ ವೈರ್ ಸಾಕು. ಮನೆ ವೈರಿಂಗಿನದು ಬೇಡ, ಅದರ ಸಿಪ್ಪೆ ಬಾನೆಟ್ ಬಿಸಿಗೆ ಮಾಡಿದ್ದಲ್ಲ. ಕಾಯಿಲ್‌ಗೆ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಹಳೇ ಸ್ವಿಚ್ಚಿನ ಮೇಲೆ ಭಾರ ಕಡಿಮೆಯಾಗುತ್ತದೆ. ಆದರೆ ಕೈಕೊಡುವ ಜಾಗಗಳು ಎರಡು ಜಾಸ್ತಿ ಆದವು, ರಿಲೇ ಒಂದು, ಫ್ಯೂಸ್ ಒಂದು. ಎರಡಕ್ಕೂ ಬದಲಿ ಗ್ಲೋವ್ ಬಾಕ್ಸಿನಲ್ಲಿ ಇರಲಿ. ಇನ್ನೊಂದು ತರಲೆ: ಕೆಲವು ಗಾಡಿಗಳಲ್ಲಿ ಚಾರ್ಜಿಂಗ್ ಲೈಟಿನ ಮೂಲಕ ಕರೆಂಟ್ ಹಿಂದಕ್ಕೆ ಬಂದು ಕೀ ತೆಗೆದರೂ ರಿಲೇ ಬಿಡುವುದಿಲ್ಲ, ಎಂಜಿನ್ ಓಡುತ್ತಲೇ ಇರುತ್ತದೆ. ಹಾಕಿಸಿದ ಮೇಲೆ ಅಂಗಡಿ ಮುಂದೆಯೇ ಕೀ ತೆಗೆದು ಪರೀಕ್ಷೆ ಮಾಡಿ. ಕಾಯಿಲ್ ಜೊತೆ ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವುದು) ಇರುವ ಗಾಡಿಯಲ್ಲಿ ರಿಲೇ ವೈರ್ ಆ ರೆಸಿಸ್ಟರಿನ ಮುಂಚೆ ಸೇರಬೇಕು, ಅದನ್ನು ದಾಟಿಸಿ ನೇರ ಕೊಟ್ಟರೆ ಕಾಯಿಲ್ ಸುಡುತ್ತದೆ.

"ಪವರ್ ಜಾಸ್ತಿ ಇರೋ ಕಾಯಿಲ್ ಹಾಕಿ" ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಕಡಿಮೆ ಓಮ್‌ನ ಕಾಯಿಲ್ ಜಾಸ್ತಿ ಕರೆಂಟ್ ಎಳೆಯುತ್ತದೆ. ಸೋತಿರುವ ಕ್ಲಿಪ್ಪಿನ ಮೇಲೆ ಇನ್ನೂ ಭಾರ, ಪಾಯಿಂಟ್ ಬೇಗ ಖಲಾಸ್.

ಪೂರ್ತಿ ವೈರಿಂಗ್ ಯಾವಾಗ ಬೇಕು? ವೈರನ್ನು ಬೆರಳಿಗೆ ಸುತ್ತಿದರೆ ಸಿಪ್ಪೆ ಉದುರುತ್ತಿದ್ದರೆ, ಹಲವು ಕಡೆ ಸುಟ್ಟ ಗುರುತಿದ್ದರೆ, ಅಥವಾ ಎಲ್ಲಿ ಕತ್ತರಿಸಿದರೂ ಒಳಗೆ ಕಪ್ಪು ತಾಮ್ರವೇ ಸಿಗುತ್ತಿದ್ದರೆ. ಆಗ 15,000 ಕೇಳಿದರೂ ಮಾಡಿಸಬೇಕಾದ್ದೇ, ಯಾಕೆಂದರೆ ಅದು ಗಾಡಿ ನಿಲ್ಲುವ ಪ್ರಶ್ನೆಯಲ್ಲ, ಬೆಂಕಿಯ ಪ್ರಶ್ನೆ. ಇಲ್ಲದಿದ್ದರೆ, ಇಲ್ಲೇ ಕೈಯಲ್ಲಿ ಕಟ್ಟಿದ ಹೊಸ ವೈರಿಂಗಿನಲ್ಲೂ ಹತ್ತಾರು ಹೊಸ ಜಾಯಿಂಟ್ ಇರುತ್ತವೆ. ಅವೆಲ್ಲ ಹೇಗೆ ಒತ್ತಿದ್ದಾರೋ ಯಾರಿಗೆ ಗೊತ್ತು.

ಮನೆಯಲ್ಲೇ ಮಾಡಬಹುದಾ ಅಂದರೆ, ಅಳತೆ ಮತ್ತು ಒಂದೆರಡು ಕ್ಲಿಪ್ ಧಾರಾಳವಾಗಿ ಮಾಡಬಹುದು. ಕೀ ಸ್ವಿಚ್, ರಿಲೇ ಕೆಲಸ ಆಟೋ ಎಲೆಕ್ಟ್ರೀಶಿಯನ್ ಕೈಯಲ್ಲಿ ಆಗಲಿ. ಬರಿ ಮೆಕ್ಯಾನಿಕ್ ಅಲ್ಲ, ಅಳೆದು ತೋರಿಸುವ ಎಲೆಕ್ಟ್ರೀಶಿಯನ್. ಎಂಜಿನ್ ಓಡುವಾಗ ಎಚ್‌ಟಿ ವೈರ್ (ಪ್ಲಗ್‌ಗೆ ಸ್ಪಾರ್ಕ್ ಒಯ್ಯುವ ದಪ್ಪ ವೈರ್) ಎಳೆದು ಸ್ಪಾರ್ಕ್ ನೋಡುವ ಹಳೇ ಚಟ ಬಿಡಿ. ಅಲ್ಲಿ 15,000 ವೋಲ್ಟಿಗೂ ಮೇಲೆ ಇರುತ್ತದೆ, ದಾರಿ ಸಿಗದ ಕರೆಂಟ್ ಕಾಯಿಲ್‌ನ ಒಳಗೇ ಸಿಡಿದು ಅದನ್ನೂ ಕೆಡಿಸುತ್ತದೆ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಎಂಜಿನ್ ಓಡುವಾಗ ತೆರೆದ ಬಾನೆಟ್ ಹತ್ತಿರವೂ ನಿಲ್ಲಬಾರದು.

ಕ್ಲಿಪ್ ಬದಲಿಸಿದ ಮೇಲೆ ಅದೇ ಅಳತೆ ಮತ್ತೊಮ್ಮೆ ಮಾಡಿ ಬರೆದಿಡಿ. ಬಿಸಿಯಲ್ಲೂ ಪ್ಲಸ್ ಕಡೆ 0.2 ಒಳಗೆ, ಮೈನಸ್ ಕಡೆಯೂ ಅಷ್ಟೇ ಬಂದು, ಆದರೂ ಗಾಡಿ ನಿಂತರೆ ಆಗ ಆ ಹೊಸ ಕಂಡೆನ್ಸರ್ ಮೇಲೆ ನನ್ನ ಕಣ್ಣು. ಈಗ ಮಾರುಕಟ್ಟೆಯಲ್ಲಿ ಸಿಗುವವುಗಳಲ್ಲಿ ಬಿಸಿಗೆ ಕೈಕೊಡುವವು ಇವೆ, ಹೊಸದು ಅಂದ ಮಾತ್ರಕ್ಕೆ ನಂಬಬೇಡಿ. ಹಳೇದು ಇದ್ದರೆ ಅದನ್ನೇ ಹಾಕಿ ಒಂದು ಸಲ ವಿಜಯಪುರಕ್ಕೆ ಹೋಗಿ ಬನ್ನಿ. ಮತ್ತೆ ಬರೆಯುವುದಾದರೆ ಎರಡು ವಿಷಯ ತಪ್ಪದೆ ಬರೆಯಿರಿ: ನಿಂತಾಗ ಕೆಂಪು ಲೈಟ್ ಉರಿಯುತ್ತಿತ್ತಾ, ಮತ್ತು ಬಿಸಿಯಲ್ಲಿ ಮೀಟರ್ ಎಷ್ಟು ತೋರಿಸಿತು.